ಇಂದಿರಾನಗರದ ಬಾಡಿಗೆ, ಉಮ್ಮನ ಬಳೆ

ಮಂಗಳೂರು ಕಡೆಯ ಬಸ್ಸುಗಳು ಬಿ.ಸಿ.ರೋಡ್ ದಾಟಿ, ಉಪ್ಪಿನಂಗಡಿ ಕಳೆದು, ಶಿರಾಡಿ ಘಾಟಿ ಹತ್ತಿ, ಹಾಸನ, ನೆಲಮಂಗಲ ಮಾರ್ಗವಾಗಿ ಬೆಂಗಳೂರು ಸೇರುತ್ತವೆ. ನಮ್ಮ ಹೆಚ್ಚಿನವರ ಪ್ರಯಾಣ ಅಲ್ಲಿಗೆ ಮುಗಿಯುತ್ತದೆ. ಆದರೆ ರಾಷ್ಟ್ರೀಯ ಹೆದ್ದಾರಿ 75 ಅಲ್ಲಿ ಮುಗಿಯುವುದಿಲ್ಲ. ಕೆ.ಆರ್.ಪುರ, ಹೊಸಕೋಟೆ ಹಾದು ಕೋಲಾರದ ಕಡೆಗೆ ಹೋಗುತ್ತದೆ. ಆ ಹೊಸಕೋಟೆ ತಾಲೂಕಿನ ಪಿಲ್ಲಗುಂಪೆಯಲ್ಲಿ ನಾವಿರುವುದು. ಮಕ್ಕಳಿಗೆ ಮದ್ರಸದಲ್ಲಿ ಕಲಿಸುವುದು ನಮ್ಮ ಕೆಲಸ. ಊರಿನ ನೆನಪಾದಾಗ, ಇದು ನಮ್ಮೂರ ಮಾರ್ಗದ್ದೇ ಇನ್ನೊಂದು ತುದಿಯಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುವುದುಂಟು.

ಪಿಲ್ಲಗುಂಪೆ ಎಂದರೆ ಕೆಐಎಡಿಬಿಯ ಕೈಗಾರಿಕಾ ಪ್ರದೇಶ. ಫ್ಯಾಕ್ಟರಿ ಶಿಫ್ಟಿನ ಸೈರನ್, ಲಾರಿ, ಕೆಲಸಕ್ಕೆ ಬಂದ ಹೊರ ರಾಜ್ಯದ ಹುಡುಗರು. ಒಂದು ಕೋಣೆ, ಒಂದು ಅಡುಗೆ ಕಟ್ಟೆ, ಸಾಲಾಗಿ ಹತ್ತು ಬಾಗಿಲು, ಕೊನೆಗೆ ಎರಡು ಬಚ್ಚಲು. ಇಲ್ಲಿಯ ಬಾಡಿಗೆ ಮನೆ ಎಂದರೆ ಹೆಚ್ಚಾಗಿ ಇಷ್ಟೇ. ಇಲ್ಲಿ ಕುಳಿತು ಇಂದಿರಾನಗರದ ಫ್ಲಾಟಿನ ಬಗ್ಗೆ ಬರೆಯಲು ಈ ಉಸ್ತಾದರಿಗೇನು ಗೊತ್ತು ಎಂದು ನೀವು ಕೇಳಬಹುದು. ಎರಡು ವರ್ಷದ ಹಿಂದೆ ನಮಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಒಂದು ಕಾಗದಕ್ಕೆ ಸಹಿ ಹಾಕಿದೆವು. ಅದರ ಕತೆಯೇ ಇದು.

ಅಕ್ಕನ ಮಗ ಬಂದ

ನಮ್ಮ ಅಕ್ಕನ ಮಗನಿಗೆ ಇಂದಿರಾನಗರದ ಪಕ್ಕ ದೊಮ್ಮಲೂರಿನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಕೈಗೆ ಬರುವ ಸಂಬಳ ತಿಂಗಳಿಗೆ 36,000. ಊರಲ್ಲಿ ಖುಷಿಯೋ ಖುಷಿ. ಮೊದಲ ವಾರ ನಮ್ಮಲ್ಲಿಯೇ ಇದ್ದ. ಬೆಳಗ್ಗೆ ಹೊಸಕೋಟೆಯಿಂದ ಬಿಎಂಟಿಸಿ ಬಸ್ ಹಿಡಿದು ಕೆ.ಆರ್.ಪುರ, ಅಲ್ಲಿಂದ ಮೆಟ್ರೋ. ನಾಲ್ಕು ದಿನ ಹೋಗಿ ಬಂದವನು ಐದನೇ ದಿನ, "ಮಾಮ, ಇದು ಆಗುವ ಹೋಗುವ ಕೆಲಸ ಅಲ್ಲ. ನಾವು ಮೂವರು ಫ್ರೆಂಡ್ಸ್ ಸೇರಿ ಇಂದಿರಾನಗರದಲ್ಲೇ ಮನೆ ನೋಡ್ತೇವೆ" ಎಂದ.

"ಅಲ್ಲೇ ಯಾಕೆ ಮೋನೆ? ಕೆ.ಆರ್.ಪುರದಲ್ಲಿ ನೋಡು. ಅಲ್ಲಿಂದ ಮೆಟ್ರೋ ಉಂಟಲ್ಲ" ಎಂದೆವು.

"ನಿಮಗೆ ಗೊತ್ತಾಗುದಿಲ್ಲ ಮಾಮ. ಆಫೀಸಿನಲ್ಲಿ ಎಲ್ಲಿ ಮನೆ ಅಂತ ಕೇಳ್ತಾರೆ."

ಈ ಮಾತು ಆಗ ನಮಗೆ ಸಣ್ಣದಾಗಿ ಕಂಡಿತು. ಈಗ ಯೋಚಿಸಿದರೆ, ಮುಂದೆ ಆದದ್ದೆಲ್ಲ ಆ ಒಂದು ಮಾತಿನಲ್ಲೇ ಇತ್ತು.

ಇಂದಿರಾನಗರಕ್ಕೆ ಹುಡುಗರು ಯಾಕೆ ಮರುಳಾಗುತ್ತಾರೆ ಎಂಬುದು ಅಲ್ಲಿ ಹೋಗಿ ನಿಂತರೆ ತಿಳಿಯುತ್ತದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಮಾಡಿದ ಬಡಾವಣೆ ಅದು. ಮೊದಲು ಸೇನೆಯಿಂದ ನಿವೃತ್ತರಾದವರೂ ಸರಕಾರಿ ನೌಕರರೂ ಮನೆ ಕಟ್ಟಿಕೊಂಡು, ಅಂಗಳದಲ್ಲಿ ಮರ ನೆಟ್ಟು ಶಾಂತವಾಗಿದ್ದ ಜಾಗ. ಆಮೇಲೆ ಐಟಿ ಕಂಪೆನಿಗಳು ಬಂದವು. 100 ಅಡಿ ರಸ್ತೆಯೂ 12ನೇ ಮೇನ್ ರಸ್ತೆಯೂ ಹೋಟೆಲು, ಕಾಫಿ ಅಂಗಡಿ, ಬಟ್ಟೆ ಶೋರೂಮುಗಳಿಂದ ತುಂಬಿದವು. ಬೆಂಗಳೂರಿನ ಮೊತ್ತಮೊದಲ ಮೆಟ್ರೋ ಓಡಿದ್ದೂ ಈ ಮಾರ್ಗದಲ್ಲಿಯೇ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ, ಇಂದಿರಾನಗರದ ಮೂಲಕ. ಹೀಗೆ ಒಂದೊಂದೇ ಸೇರಿ ಬಾಡಿಗೆ ಏರಿತು. ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್‌ಗಳ ಕತೆಯೂ ಹೆಚ್ಚು ಕಡಿಮೆ ಇದೇ. ಅಲ್ಲಿ ಬಾಡಿಗೆ ಕೊಡುವವನು ಗೋಡೆ, ಮಾಡಿಗೆ ಮಾತ್ರ ಕೊಡುವುದಲ್ಲ, ವಿಳಾಸಕ್ಕೂ ಕೊಡುತ್ತಾನೆ.

ಹೆಸರು ಹೇಳಿದ ಮೇಲೆ

ಒಂದು ಭಾನುವಾರ ಹುಡುಗರ ಜೊತೆ ನಾವೂ ಮನೆ ಹುಡುಕಲು ಹೊರಟೆವು. ಬೋರ್ಡ್ ಕಂಡಲ್ಲಿ ಫೋನ್, ಬ್ರೋಕರ್ ಹೇಳಿದಲ್ಲಿ ಫೋನ್. ಒಟ್ಟು ಹನ್ನೊಂದು ಕರೆ. ಮೂರು ಕಡೆ "ಫ್ಯಾಮಿಲಿಗೆ ಮಾತ್ರ" ಎಂದರು. ಎರಡು ಕಡೆ "ವೆಜ್ ಮಾತ್ರ" ಎಂದರು. ನಾಲ್ಕು ಕಡೆ ಮಾತು ಚೆನ್ನಾಗಿಯೇ ನಡೆಯಿತು. ಕೆಲಸ ಎಲ್ಲಿ, ಎಷ್ಟು ಜನ, ಯಾವಾಗ ಬರುತ್ತೀರಿ ಎಂದೆಲ್ಲ ಕೇಳಿದರು. ಕೊನೆಗೆ ಹೆಸರು ಕೇಳಿದರು. ಹೆಸರು ಹೇಳಿದ ಮೇಲೆ ಒಂದು ಕ್ಷಣ ಸುಮ್ಮನಾಗಿ, "ಮನೆಯವರ ಹತ್ತಿರ ಕೇಳಿ ಹೇಳ್ತೇವೆ" ಎಂದರು. ಆ ನಾಲ್ಕರಲ್ಲಿ ಒಬ್ಬರೂ ತಿರುಗಿ ಕರೆ ಮಾಡಲಿಲ್ಲ.

ಇದು ನಮಗೊಬ್ಬರಿಗೇ ಆದ ಅನುಭವವಲ್ಲ. ದಿಲ್ಲಿ ಸುತ್ತಮುತ್ತ ಬಾಡಿಗೆ ಮನೆಗಳ ಬಗ್ಗೆ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನಗಳು ಇದನ್ನೇ ಹೇಳಿವೆ. ಉಳಿದೆಲ್ಲ ವಿವರ ಒಂದೇ ಇದ್ದು ಹೆಸರು ಮಾತ್ರ ಬೇರೆಯಾದರೆ, ಮುಸ್ಲಿಂ ಹೆಸರಿನವರಿಗೆ ಮನೆ ಮಾಲಕರಿಂದ ಬರುವ ಉತ್ತರ ಕಡಿಮೆ. ಕಾನೂನು ಏನು ಮಾಡುತ್ತದೆ ಎಂದರೆ, ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ರಸ್ತೆಯಂಥ ಸಾರ್ವಜನಿಕ ಜಾಗಗಳಲ್ಲಿ ಧರ್ಮದ ಹೆಸರಿನ ತಾರತಮ್ಯವನ್ನು ತಡೆಯುತ್ತದೆ. ಖಾಸಗಿ ಮನೆಯನ್ನು ಯಾರಿಗೆ ಕೊಡಬೇಕು ಎಂಬಲ್ಲಿಗೆ ಅದರ ಕೈ ನೇರವಾಗಿ ಮುಟ್ಟುವುದಿಲ್ಲ. ಒಂದು ಸಮುದಾಯದವರಿಗೆ ಮಾತ್ರ ಸದಸ್ಯತ್ವ ಎಂಬ ವಸತಿ ಸಹಕಾರ ಸಂಘದ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೂ ಉಂಟು. ಆದ್ದರಿಂದ ಫೋನಿನಲ್ಲಿ ಜಗಳ ಮಾಡಿ ಪ್ರಯೋಜನವಿಲ್ಲ. ಮೊದಲ ವಾಕ್ಯದಲ್ಲೇ ಹೆಸರು ಹೇಳಿಬಿಡಿ ಎಂದು ನಾವು ಹುಡುಗರಿಗೆ ಹೇಳುತ್ತೇವೆ. ಇಲ್ಲ ಎನ್ನುವವರು ಬೇಗ ಇಲ್ಲ ಎನ್ನುತ್ತಾರೆ. ಅರ್ಧ ದಿನದ ಬಿಸಿಲು ಉಳಿಯುತ್ತದೆ.

ಆದರೆ ಒಂದು ಮಾತು ನಮ್ಮ ಕಡೆಗೂ ಹೇಳಬೇಕು. ಊರಲ್ಲಿ ಗಲ್ಫ್ ದುಡ್ಡಿನಿಂದ ಫ್ಲಾಟ್ ಮಾಡಿದ ನಮ್ಮವರೂ ಬಾಡಿಗೆಗೆ ಕೊಡುವಾಗ "ನಮ್ಮವರು ಯಾರಾದರೂ ಇದ್ದರೆ ಹೇಳಿ, ಬ್ಯಾಚುಲರ್ಸ್ ಬೇಡ" ಎನ್ನುವುದಿಲ್ಲವೇ? ಅಲ್ಲಿ ನೋಯುವ ಮಗ ಇನ್ನೊಬ್ಬ ತಾಯಿಯದ್ದು, ಅಷ್ಟೇ ವ್ಯತ್ಯಾಸ. ಮತ್ತೊಂದು ಸಂಗತಿ, ಹಿಂದಿನ ಬಾಡಿಗೆಯವನು ಬಿಟ್ಟು ಹೋದ ಹೆಸರಿನ ಮೇಲೆಯೇ ಮುಂದಿನವನಿಗೆ ಮನೆ ಸಿಗುವುದು ಅಥವಾ ತಪ್ಪುವುದು. ರಾತ್ರಿ ಎರಡು ಗಂಟೆಗೆ ಬೈಕು ಗುರ್ರೆನಿಸಿದ ಹುಡುಗನಿಗೆ, ತನ್ನ ಹಿಂದೆ ಬರುವ ಹತ್ತು ಹುಡುಗರ ಬಾಗಿಲು ಮುಚ್ಚುತ್ತಿದ್ದೇನೆ ಎಂದು ಯಾರಾದರೂ ಹೇಳಬೇಕು.

ಹನ್ನೊಂದನೇ ಕರೆಯಲ್ಲಿ ಮನೆ ಸಿಕ್ಕಿತು. ಒಬ್ಬರು ನಿವೃತ್ತ ಹಿರಿಯರು. ಕೆಳಗೆ ಅವರು, ಮೇಲೆ ಎರಡು ಬೆಡ್‌ರೂಮಿನ ಮನೆ. ಹೆಸರು ಕೇಳಿದರು, ತಲೆಯಾಡಿಸಿದರು. "ಸಿಗರೇಟು ಸೇದ್ತೀರಾ? ರಾತ್ರಿ ಗದ್ದಲ ಮಾಡ್ತೀರಾ?" ಎಂದು ಕೇಳಿದರು. "ಇಲ್ಲ" ಎಂದರು ಹುಡುಗರು. ನಮ್ಮ ಟೊಪ್ಪಿ, ಗಡ್ಡ ನೋಡಿ "ನೀವು ಮೇಷ್ಟ್ರಾ?" ಎಂದರು. ಹೌದು ಎಂದೆವು. "ಹಾಗಾದರೆ ಸಾಕ್ಷಿಗೆ ನೀವೇ ಸಹಿ ಹಾಕಿ" ಎಂದರು. ಅಷ್ಟು ಕಡೆ ಬಾಗಿಲು ಮುಚ್ಚಿದ ಮೇಲೆ ಒಂದು ಬಾಗಿಲು ತೆರೆದದ್ದಕ್ಕೆ ನಮಗೆ ಕಣ್ಣು ತುಂಬಿ ಬಂತು.

ಲೆಕ್ಕ

ಬಾಡಿಗೆ 45,000. ಆರು ತಿಂಗಳ ಅಡ್ವಾನ್ಸ್ 2,70,000. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಮೂವರಿಗೆ ಹಂಚಿದರೆ ತಲಾ ಅಡ್ವಾನ್ಸ್ 90,000, ಬ್ರೋಕರಿಗೆ 15,000, ಮೊದಲ ತಿಂಗಳ ಬಾಡಿಗೆ 15,000. ಒಳಗೆ ಕಾಲಿಡುವ ಮೊದಲೇ ಒಬ್ಬೊಬ್ಬನಿಂದ 1,20,000 ಹೋಯಿತು. ಚಾಪೆ, ಬಕೆಟು, ಗ್ಯಾಸ್ ಒಲೆ ಬೇರೆ.

36,000 ಸಂಬಳದ ಹುಡುಗನ ಕೈಯಲ್ಲಿ ಅಷ್ಟು ಹಣ ಎಲ್ಲಿಂದ? ಅಕ್ಕ ತನ್ನ ಎರಡು ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟಳು. ನಮ್ಮ ಹತ್ತಿರ ಕೇಳಲಿಲ್ಲ. ಕೇಳಿದ್ದರೆ ಬಡ್ಡಿಯ ಮಾತು ಎತ್ತುತ್ತಿದ್ದೆವು. ಅದು ಅವಳಿಗೂ ಗೊತ್ತು, ಅದಕ್ಕೇ ಕೇಳಲಿಲ್ಲ. ಅವು ಅವಳ ಮದುವೆಯ ಬಳೆ. ಬಾಪ ಬೀಡಿ ಬ್ರಾಂಚಿನಲ್ಲಿ ದುಡಿದು ಮಾಡಿಸಿದ್ದು.

ಹತ್ತು ತಿಂಗಳ ಅಡ್ವಾನ್ಸ್ ಎಂಬುದು ಬೆಂಗಳೂರಿನ ಹಳೆಯ ರೂಢಿ. ಈಗ ಎಷ್ಟೋ ಕಡೆ ಐದು ಆರಕ್ಕೆ ಇಳಿದಿದೆ. ಆದರೂ ಅದು ರೂಢಿ ಮಾತ್ರ, ಕಾನೂನಲ್ಲ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳಬಾರದು ಎಂದಿದೆ. ಆದರೆ ಅದು ಮಾದರಿ. ರಾಜ್ಯ ತನ್ನದಾಗಿ ಕಾನೂನು ಮಾಡಿದಲ್ಲಿ ಮಾತ್ರ ನಡೆಯುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಉಂಟಲ್ಲ ಎನ್ನಬಹುದು. ಅದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿದೆ. ಈಗ 3,500ಕ್ಕೆ ಪಿಲ್ಲಗುಂಪೆಯಲ್ಲಿಯೂ ಒಳ್ಳೆಯ ಕೋಣೆ ಸಿಗುವುದು ಕಷ್ಟ. ಹಾಗಾಗಿ ಇಂದಿರಾನಗರದ ಬಾಡಿಗೆಯವನ ಪಾಲಿಗೆ ಉಳಿಯುವುದು 1872ರ ಕರಾರು ಕಾಯ್ದೆ, 1882ರ ಆಸ್ತಿ ವರ್ಗಾವಣೆ ಕಾಯ್ದೆ, ಮತ್ತು ಅವನೇ ಸಹಿ ಹಾಕಿದ ಕಾಗದ.

ಎಲ್ಲರೂ 11 ತಿಂಗಳ ಅಗ್ರಿಮೆಂಟ್ ಮಾಡುವುದಕ್ಕೂ ಕಾರಣ ಉಂಟು. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳು.

ಓದದೆ ಹಾಕಿದ ಸಹಿ

ಅಗ್ರಿಮೆಂಟ್ ಎಂಟು ಪುಟ ಇತ್ತು, ಇಂಗ್ಲಿಷಿನಲ್ಲಿ. ಅಕ್ಕನ ಮಗ ಮೊದಲ ಪುಟದಲ್ಲಿ ಹೆಸರು ಸರಿ ಉಂಟಾ ನೋಡಿದ, ಬಾಡಿಗೆಯ ಅಂಕಿ ನೋಡಿದ, ಸಹಿ ಹಾಕಿದ. ಅವನ ಹೆಸರಲ್ಲಿ ಮಾತ್ರ ಅಗ್ರಿಮೆಂಟ್. ಉಳಿದಿಬ್ಬರ ಹೆಸರಿಲ್ಲ. ಸಾಕ್ಷಿಯ ಜಾಗದಲ್ಲಿ ನಾವು ಹಾಕಿದೆವು.

ನಾವು ಮಕ್ಕಳಿಗೆ ವರ್ಷ ವರ್ಷವೂ ಕಲಿಸುವ ಪಾಠ ಒಂದುಂಟು. ಕುರ್‌ಆನಿನ ಅತಿ ದೊಡ್ಡ ಆಯತ್ ಯಾವುದರ ಬಗ್ಗೆ? ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಸೂರಾ ಬಕರದ 282ನೆಯದು. ಬರೆಯುವವನು ಹೇಗಿರಬೇಕು, ಸಾಕ್ಷಿಗಳು ಹೇಗಿರಬೇಕು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಉದಾಸೀನ ಮಾಡಬಾರದು ಎಂಬುದೆಲ್ಲ ಅದರಲ್ಲಿದೆ. ಅದನ್ನು ಬಾಯಿಪಾಠ ಮಾಡಿಸುವ ನಾವು, ಏನು ಬರೆದಿದೆ ಎಂದು ಓದದೆ ಸಾಕ್ಷಿ ಸಹಿ ಹಾಕಿ, ಚಹಾ ಕುಡಿದು ಬಂದೆವು. ಪಿಯುಸಿಯವರೆಗೆ ಓದಿದ ನಮಗೆ ನಿಧಾನಕ್ಕೆ ಓದಿದರೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು. ಕಷ್ಟವಾದ ಪದವನ್ನು ಹುಡುಗರ ಹತ್ತಿರ ಕೇಳಬಹುದಿತ್ತು. ಆದರೆ ಮನೆ ಸಿಕ್ಕಿದ ಸಂತೋಷದಲ್ಲಿ, ಇಷ್ಟು ಒಳ್ಳೆಯವರ ಎದುರು ಕುಳಿತು ಕಾಗದ ಓದಿದರೆ ಅವರಿಗೆ ಬೇಸರವಾದೀತು ಎಂಬ ದಾಕ್ಷಿಣ್ಯ. ಮೋಸವಾಗುವುದು ಕೆಟ್ಟವರಿಂದ ಮಾತ್ರ ಎಂದು ನಾವು ತಿಳಿದಿದ್ದೆವು. ದಾಕ್ಷಿಣ್ಯದಿಂದಲೂ ನಷ್ಟವಾಗುತ್ತದೆ.

ಐದನೇ ಪುಟದಲ್ಲಿ ಎರಡು ಸಾಲು ಇತ್ತು. ಲಾಕ್-ಇನ್ ಅವಧಿ 11 ತಿಂಗಳು, ಅದಕ್ಕೆ ಮೊದಲು ಬಿಟ್ಟರೆ ಉಳಿದ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಿಂದ ಹಿಡಿಯಲಾಗುವುದು. ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ.

ಏಳನೇ ತಿಂಗಳಲ್ಲಿ ಒಬ್ಬ ಹುಡುಗನಿಗೆ ದುಬೈ ವೀಸಾ ಬಂತು. ಅದೇ ತಿಂಗಳು ಇನ್ನೊಬ್ಬನ ಕಂಪೆನಿ ಜನ ಕಡಿಮೆ ಮಾಡಿತು. ಅವನು ಊರಿಗೆ ಹೊರಟ. 36,000 ಸಂಬಳದ ನಮ್ಮ ಹುಡುಗ 45,000 ಬಾಡಿಗೆಯ ಮನೆಯಲ್ಲಿ ಒಬ್ಬನೇ ಉಳಿದ. ಬೇರೆ ಇಬ್ಬರನ್ನು ಹುಡುಕಿದ, ಸಿಗಲಿಲ್ಲ. ಬಿಡುತ್ತೇನೆ ಎಂದು ಹೇಳಲು ಹೋದಾಗ ಹಿರಿಯರು ಐದನೇ ಪುಟ ತೆರೆದರು.

ಲೆಕ್ಕ ಮಾಡಿ ನೋಡಿ. ಉಳಿದ ನಾಲ್ಕು ತಿಂಗಳಿಗೆ 1,80,000. ಪೇಂಟಿಂಗಿಗೆ 45,000. 2,70,000 ಅಡ್ವಾನ್ಸಿನಲ್ಲಿ ವಾಪಸು ಬರುವುದು 45,000. ತಲಾ 15,000. ಅತ್ತ ದುಬೈಗೆ ಹೊರಟವನು "ನನ್ನ 90,000 ನಿನ್ನ ಕೈಯಲ್ಲಿ ಕೊಟ್ಟದ್ದು, ನೀನೇ ಕೊಡು" ಎಂದ. ಅಗ್ರಿಮೆಂಟಿನಲ್ಲಿ ಅವನ ಹೆಸರೇ ಇಲ್ಲ. ಮೂವರು ಗೆಳೆಯರ ನಡುವೆ ಒಂದು ಚೀಟಿಯೂ ಇಲ್ಲ.

ಆ ರಾತ್ರಿ ಅಕ್ಕ ಫೋನ್ ಮಾಡಿದಳು. ಬಳೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ನೀನೂ ಸಹಿ ಹಾಕಿದ್ದೀಯಂತೆ ಅಲ್ವಾ?" ಎಂದಷ್ಟೇ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಮತ್ತೆ ಅದೇ ಬಾಗಿಲಿಗೆ

ಮುಂದಿನ ಭಾನುವಾರ ನಾವು ಆ ಹಿರಿಯರ ಮನೆಗೆ ಹೋದೆವು. ಜಗಳಕ್ಕಲ್ಲ. "ಸರ್, ತಪ್ಪು ನಮ್ಮದು. ಓದದೆ ಸಹಿ ಹಾಕಿದೆವು. ಹುಡುಗನ ತಾಯಿ ಚಿನ್ನ ಅಡವಿಟ್ಟಿದ್ದಾರೆ. ದಾರಿ ಏನಾದರೂ ಉಂಟಾ?" ಎಂದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನಗೂ ಈ ಬಾಡಿಗೆಯೇ ಪೆನ್ಷನ್ ಇದ್ದ ಹಾಗೆ. ಮನೆ ಖಾಲಿ ಬಿದ್ದರೆ ನನ್ನ ಔಷಧಿಗೆ ತೊಂದರೆ. ಆದರೆ ಖಾಲಿ ಇಲ್ಲದ ದಿನದ ಬಾಡಿಗೆ ನನಗೆ ಬೇಡ. ಬೇರೆಯವರು ಯಾವಾಗ ಬರುತ್ತಾರೋ ಅಲ್ಲಿಯವರೆಗೆ ಮಾತ್ರ ಹಿಡಿಯುತ್ತೇನೆ" ಎಂದರು.

ಇದು ಅವರ ಒಳ್ಳೆಯತನವೂ ಹೌದು, ನ್ಯಾಯವೂ ಹೌದು. ಕರಾರು ಮುರಿದರೆ ಇಷ್ಟು ಕೊಡಬೇಕು ಎಂದು ಬರೆದಿದ್ದರೂ, ಆ ಮಿತಿಯೊಳಗೆ ತಕ್ಕ ಪರಿಹಾರ ಮಾತ್ರ ಸಲ್ಲುತ್ತದೆ ಎಂಬುದು ಕರಾರು ಕಾಯ್ದೆಯ 74ನೇ ಸೆಕ್ಷನ್. ಇದನ್ನು ಆಮೇಲೆ ಒಬ್ಬ ವಕೀಲರಿಂದ ತಿಳಿದೆವು. ಪೇಂಟಿಂಗಿನ ವಿಷಯವೂ ಹಾಗೆಯೇ. ಸಹಜವಾದ ಸವಕಳಿಯನ್ನು ಬಿಟ್ಟು, ಮನೆಯನ್ನು ಸಿಕ್ಕಿದ ಸ್ಥಿತಿಯಲ್ಲಿ ಒಪ್ಪಿಸಬೇಕು ಎಂಬುದಷ್ಟೇ ಆಸ್ತಿ ವರ್ಗಾವಣೆ ಕಾಯ್ದೆಯ ಮಾತು. ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ರೂಢಿ. ಕಾಗದದಲ್ಲಿ ಬರೆದು ಸಹಿ ಹಾಕಿದರೆ ಅದು ನಮ್ಮನ್ನು ಕಟ್ಟುತ್ತದೆ. ಸಹಿಗೆ ಮೊದಲು ಕೇಳಿದ್ದರೆ ಅರ್ಧಕ್ಕೆ ಇಳಿಸಬಹುದಿತ್ತು.

ನಲವತ್ತು ದಿನಕ್ಕೆ ಮನೆಗೆ ಬೇರೆಯವರು ಬಂದರು. 60,000 ಬಾಡಿಗೆಗೆ ಹೋಯಿತು, 45,000 ಪೇಂಟಿಂಗಿಗೆ. ಉಳಿದ 1,65,000 ಅದೇ ದಿನ ಬ್ಯಾಂಕಿಗೆ ಹಾಕಿದರು. ಮೂರು ಮನೆಯವರ ಜೊತೆ ಫೋನಿನಲ್ಲಿ ಮಾತಾಡಿ, ತಲಾ 55,000 ಎಂದು ಒಪ್ಪಿಸಿದೆವು. ದುಬೈ ಹುಡುಗನ ಬಾಪ ಅದಕ್ಕೆ ಮೊದಲು ಒಪ್ಪಿಕೊಂಡವರು. ಅವರಿಗೆ ಅಲ್ಲಾಹು ಒಳ್ಳೆಯದು ಮಾಡಲಿ.

ಬ್ರೋಕರಿಗೆ ಕೊಟ್ಟದ್ದೂ ಸೇರಿ ನಮ್ಮ ಹುಡುಗನಿಗೆ 50,000 ನಷ್ಟ. ಸೊಸೈಟಿಯ ಬಡ್ಡಿ ಬೇರೆ. ಅದರಲ್ಲಿ ಅವನು ಇಂದಿರಾನಗರದವನಾಗಿದ್ದದ್ದು ಏಳು ತಿಂಗಳು.

ಭೋಗ್ಯದ ಮಾತು

ಈ ಸಂಗತಿ ಊರಲ್ಲಿ ತಿಳಿದ ಮೇಲೆ ನಮಗೆ ಬರುವ ಫೋನುಗಳಲ್ಲಿ ಇನ್ನೊಂದು ಪ್ರಶ್ನೆ ಹೆಚ್ಚು. "ಉಸ್ತಾದರೇ, ತಿಂಗಳ ಬಾಡಿಗೆಯ ತಲೆನೋವೇ ಬೇಡ. 12 ಲಕ್ಷ ಕೊಟ್ಟರೆ ಮೂರು ವರ್ಷ ಭೋಗ್ಯಕ್ಕೆ ಮನೆ ಸಿಗ್ತದಂತೆ. ಬಾಡಿಗೆ ಇಲ್ಲ, ಹೋಗುವಾಗ 12 ಲಕ್ಷವೂ ವಾಪಸು. ಆಗಬಹುದಾ?"

ಗಲ್ಫಿನಿಂದ ಬಂದ ಬಾಪನ ಕೈಯಲ್ಲಿ ಸ್ವಲ್ಪ ಹಣ ಇರುವ ಮನೆಗಳಿಗೆ ಇದು ಬಹಳ ರುಚಿಯಾಗಿ ಕಾಣುತ್ತದೆ. ಆದರೆ ಎರಡು ತೊಂದರೆ ಉಂಟು.

ಒಂದು ದೀನಿನ ಕಡೆಯಿಂದ. ಪೂರ್ತಿ ವಾಪಸು ಬರುವ ಹಣ ಎಂದರೆ ಅದು ಸಾಲ. ಸಾಲ ಕೊಟ್ಟದ್ದಕ್ಕೆ ಬದಲಾಗಿ ಬಾಡಿಗೆಯಿಲ್ಲದೆ ಮನೆಯಲ್ಲಿ ವಾಸ ಎಂದರೆ ಸಾಲದ ಮೇಲಿನ ಲಾಭ. ಹೆಚ್ಚಿನ ಉಲಮಾಗಳು ಇದನ್ನು ಬಡ್ಡಿಯ ಸಾಲಿಗೇ ಸೇರಿಸುತ್ತಾರೆ. ಸರಿಯಾದ ಇಜಾರ ಎಂದರೆ ಮನೆ ಯಾವುದು, ಬಾಡಿಗೆ ಎಷ್ಟು, ಎಷ್ಟು ದಿನಕ್ಕೆ ಎಂಬ ಮೂರೂ ಸ್ಪಷ್ಟವಾಗಿರುವ ವ್ಯವಹಾರ. ನಿಮ್ಮ ನಿಮ್ಮ ಖತೀಬರ ಹತ್ತಿರ ವಿವರವಾಗಿ ಕೇಳಿಯೇ ಕೈ ಹಾಕಿ.

ಎರಡನೆಯದು ದುನಿಯಾದ ಕಡೆಯಿಂದ. ಮೂರು ವರ್ಷದ ಕರಾರಾದ್ದರಿಂದ ಅದನ್ನು ನೋಂದಾಯಿಸಲೇಬೇಕು. ಸ್ಟಾಂಪ್ ಪೇಪರಿನಲ್ಲಿ ನೋಟರಿ ಮಾಡಿಸಿದ್ದು ಸಾಲದು. ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು ಮಾಲಕ ಕಟ್ಟದಿದ್ದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕಿನವರು ಬಂದು ಮನೆ ವಶಕ್ಕೆ ತೆಗೆದುಕೊಳ್ಳಬಹುದು. ಆಗ ನಿಮ್ಮ 12 ಲಕ್ಷಕ್ಕೆ ನೀವು ಕೋರ್ಟಿಗೆ ಅಲೆಯಬೇಕು. ಇದಕ್ಕಿಂತ ಕೆಟ್ಟದ್ದೂ ನಡೆದಿದೆ. ಮಧ್ಯವರ್ತಿಯೊಬ್ಬ ಮಾಲಕರಿಗೆ ತಿಂಗಳ ಬಾಡಿಗೆ ಕೊಡುತ್ತೇನೆಂದು ಮನೆ ಹಿಡಿಯುತ್ತಾನೆ. ಅದೇ ಮನೆಯನ್ನು ನಮ್ಮಂಥವರಿಗೆ ಭೋಗ್ಯಕ್ಕೆ ಕೊಟ್ಟು ಲಕ್ಷಗಳನ್ನು ಎತ್ತಿ ಮಾಯವಾಗುತ್ತಾನೆ. ಬಾಡಿಗೆ ನಿಂತ ಮೇಲೆ ಮಾಲಕರು ಬಂದು "ನೀವು ಯಾರು?" ಎಂದು ಕೇಳುತ್ತಾರೆ. ಬೆಂಗಳೂರಿನಲ್ಲಿ ಇಂಥ ಪ್ರಕರಣಗಳು ಮತ್ತೆ ಮತ್ತೆ ಪೊಲೀಸರ ಮುಂದೆ ಬಂದಿವೆ.

ಸಹಿಗೆ ಮೊದಲು

ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತೇವೆ. ಮನೆಯಲ್ಲಿ ಬೆಂಗಳೂರಿಗೆ ಹೊರಟ ಮಕ್ಕಳಿದ್ದರೆ ಕತ್ತರಿಸಿ ಇಡಿ.

ಅಗ್ರಿಮೆಂಟಿನ ಪ್ರತಿಯನ್ನು ಒಂದು ದಿನ ಮೊದಲೇ ಕೇಳಿ. ಮನೆಗೆ ತಂದು, ಒಬ್ಬ ಓದಿ ಇನ್ನೊಬ್ಬ ಕೇಳಿ. ಲಾಕ್-ಇನ್ ಎಷ್ಟು, ನೋಟಿಸ್ ಎಷ್ಟು ತಿಂಗಳು, ಪೇಂಟಿಂಗಿಗೆ ಎಷ್ಟು, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸು, ಈ ಐದು ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಒಪ್ಪಿಗೆಯಾಗದ್ದನ್ನು ಸಹಿಗೆ ಮೊದಲು ಬಾಯಿಬಿಟ್ಟು ಕೇಳಿ. ಒಳ್ಳೆಯ ಮಾಲಕರು ಬೇಸರ ಮಾಡುವುದಿಲ್ಲ.

ಅಡ್ವಾನ್ಸನ್ನು ನಗದಾಗಿ ಕೊಡಬೇಡಿ. ಬ್ಯಾಂಕಿನಿಂದಲೇ ಹೋಗಲಿ. ಅಗ್ರಿಮೆಂಟ್ ಮಾಲಕರ ಹೆಸರಲ್ಲೇ ಇರಲಿ, ಹಣವೂ ಅವರ ಖಾತೆಗೇ ಹೋಗಲಿ. ಮೊತ್ತ ದೊಡ್ಡದಾದರೆ ಮನೆಯ ಋಣಭಾರ ಪತ್ರ, ಅಂದರೆ ಇ.ಸಿ. ನೋಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅದು ಸಿಗುತ್ತದೆ.

ಜೊತೆಯಲ್ಲಿ ಇರುವ ಎಲ್ಲರ ಹೆಸರೂ ಅಗ್ರಿಮೆಂಟಿನಲ್ಲಿ ಇರಲಿ. ಗೆಳೆಯರ ನಡುವೆಯೂ ಒಂದು ಚೀಟಿ ಇರಲಿ. ಯಾರು ಎಷ್ಟು ಹಾಕಿದರು, ಮಧ್ಯದಲ್ಲಿ ಬಿಟ್ಟರೆ ಏನು ಎಂದು ಬರೆದಿರಲಿ. ಗೆಳೆಯರ ನಡುವೆ ಚೀಟಿ ಎಂದರೆ ಅಪನಂಬಿಕೆಯಲ್ಲ, ಗೆಳೆತನ ಉಳಿಸುವ ದಾರಿ.

ಒಳಗೆ ಕಾಲಿಟ್ಟ ದಿನವೇ ಗೋಡೆ, ನಲ್ಲಿ, ಸ್ವಿಚ್ಚು, ಕಿಟಕಿ ಗಾಜಿನ ಫೋಟೊ ತೆಗೆದು ಮಾಲಕರಿಗೆ ಕಳಿಸಿ. ನೀರು ಎಲ್ಲಿಂದ ಎಂದು ಕೇಳಿ. ಕಾವೇರಿ ನೀರೋ, ಬೋರ್‌ವೆಲ್ಲೋ, ಟ್ಯಾಂಕರೋ? 2024ರ ಬೇಸಿಗೆಯಲ್ಲಿ ಬೆಂಗಳೂರಿನ ದೊಡ್ಡ ದೊಡ್ಡ ಅಪಾರ್ಟ್‌ಮೆಂಟಿನವರೂ ಬಕೆಟ್ ಹಿಡಿದು ಟ್ಯಾಂಕರಿಗೆ ಕಾದದ್ದನ್ನು ನಾವು ಮರೆಯಬಾರದು.

ಬಾಡಿಗೆ, ಮೈಂಟೆನೆನ್ಸ್, ಕರೆಂಟು ಎಲ್ಲ ಸೇರಿ ಸಂಬಳದ ಮೂರರಲ್ಲಿ ಒಂದು ಪಾಲು ದಾಟಿದರೆ ಆ ಮನೆ ನಮ್ಮದಲ್ಲ ಎಂದುಕೊಳ್ಳಿ. ನಮ್ಮ ಹುಡುಗ ಅರ್ಧ ಸಂಬಳ ಕೊಡುತ್ತಿದ್ದ.

ಮತ್ತೆ, ಅಡ್ವಾನ್ಸ್ ಕೊಡದೆ ಸತಾಯಿಸಿದರೆ ವಕೀಲರ ನೋಟಿಸ್ ಕೊಡಿಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕಡಿಮೆ ಆದಾಯದವರಿಗೂ, ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೂ ಉಚಿತ ಕಾನೂನು ನೆರವು ಸಿಗುತ್ತದೆ. ಎಷ್ಟೋ ಜಗಳ ಕೋರ್ಟಿಗೆ ಹೋಗದೆ ಅಲ್ಲಿಯೇ ಮಾತಿನಲ್ಲಿ ಮುಗಿಯುತ್ತದೆ.

ನಾಲ್ಕನೇ ಸ್ಟೇಷನ್

ಅಕ್ಕನ ಮಗ ಈಗ ಕೆ.ಆರ್.ಪುರದಲ್ಲಿ ಇದ್ದಾನೆ. ಒಂದು ಬೆಡ್‌ರೂಮಿನ ಮನೆ, ಇಬ್ಬರು ಹುಡುಗರು. ಬಾಡಿಗೆ 13,000, ಅಡ್ವಾನ್ಸ್ 50,000. ಇಬ್ಬರ ಹೆಸರೂ ಅಗ್ರಿಮೆಂಟಿನಲ್ಲಿದೆ. 2023ರ ಅಕ್ಟೋಬರ್ 9ರಿಂದ ಕೆ.ಆರ್.ಪುರ ಮತ್ತು ಬೈಯಪ್ಪನಹಳ್ಳಿಯ ನಡುವೆಯೂ ಮೆಟ್ರೋ ಓಡುವುದರಿಂದ ಹತ್ತಿದ ರೈಲಿನಲ್ಲೇ ಕುಳಿತು ಹೋಗಬಹುದು. ಬೆನ್ನಿಗಾನಹಳ್ಳಿ, ಬೈಯಪ್ಪನಹಳ್ಳಿ, ಸ್ವಾಮಿ ವಿವೇಕಾನಂದ ರಸ್ತೆ, ನಾಲ್ಕನೆಯದು ಇಂದಿರಾನಗರ. ನಾಲ್ಕು ಸ್ಟೇಷನ್ನಿನ ದೂರಕ್ಕೆ ಅವನು ತಿಂಗಳಿಗೆ ಎಂಟೂವರೆ ಸಾವಿರ ಹೆಚ್ಚು ಕೊಡುತ್ತಿದ್ದ.

ಆಫೀಸಿನಲ್ಲಿ ಎಲ್ಲಿ ಮನೆ ಅಂತ ಕೇಳಿದರೆ ಏನು ಹೇಳ್ತಿ ಎಂದು ಒಮ್ಮೆ ಕೇಳಿದೆವು. "ಕೆ.ಆರ್.ಪುರ ಅಂತೇನೆ ಮಾಮ. ಅವರಲ್ಲಿ ಅರ್ಧ ಜನ ಅಲ್ಲಿಂದಲೇ ಬರುದು" ಎಂದು ನಕ್ಕ.

ಅಡ್ವಾನ್ಸಿನಿಂದ ಬಂದ 55,000ವನ್ನು ಮೊದಲು ಸೊಸೈಟಿಗೆ ಕಟ್ಟಿದ. ಆಮೇಲೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ. ಕಳೆದ ಸಲ ಊರಿಗೆ ಹೋದಾಗ ಅಕ್ಕ ಚಹಾ ತಂದಿಟ್ಟಳು. ಒಂದು ಕೈಯಲ್ಲಿ ಬಳೆ ಇತ್ತು. ಇನ್ನೊಂದು ಕೈ ಖಾಲಿ. ನಾವು ನೋಡಿದ್ದು ಅವಳಿಗೆ ಗೊತ್ತಾಯಿತು. "ಅದೂ ಬರ್ತದೆ, ಇನ್ನು ನಾಲ್ಕು ತಿಂಗಳು" ಎಂದಳು.

ಈಗ ಇಶಾ ನಮಾಝ್ ಆದ ಮೇಲೆ ನಮ್ಮ ಮೊಬೈಲಿಗೆ ಅಗ್ರಿಮೆಂಟಿನ ಫೋಟೊಗಳು ಬರುತ್ತವೆ. ಯಾರೋ ಪುತ್ತೂರಿನ ಹುಡುಗ, ಯಾರೋ ಉಳ್ಳಾಲದವನು, ಬಂಟ್ವಾಳದವನು. "ಉಸ್ತಾದರೇ, ಒಂಚೂರು ನೋಡಿ ಹೇಳಿ" ಎಂದು. ನಾವು ವಕೀಲರಲ್ಲ. ಕನ್ನಡಕ ಹಾಕಿ, ಡಿಕ್ಷನರಿ ಪಕ್ಕದಲ್ಲಿಟ್ಟು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತೇವೆ. ಅರ್ಥವಾಗದ ಕಡೆ ಗುರುತು ಹಾಕಿ, ಇದನ್ನು ಮಾಲಕರ ಹತ್ತಿರ ಕೇಳು ಎಂದು ಕಳಿಸುತ್ತೇವೆ. ಅಂದು ಆ ಚಹಾದ ಮೇಜಿನಲ್ಲಿ ಮಾಡಬೇಕಾಗಿದ್ದ ಕೆಲಸ ಅದೊಂದೇ.